ಪಿರಮಿಡ್ಡಿನ ಕಲ್ಲು, ಗಾರೆಯ ವಯಸ್ಸು

2021ರ ಅಕ್ಟೋಬರಿನಲ್ಲಿ ನಾನು ದೋಹಾದ ಒಂದು ಖಾಸಗಿ ಪರೀಕ್ಷಾ ಲ್ಯಾಬಿನಲ್ಲಿ ಪೆಟ್ರೋಗ್ರಫಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಧಾರವಾಡದಲ್ಲಿ ಭೂವಿಜ್ಞಾನ ಓದಿ, ಕೆಲವು ವರ್ಷ ಗಣಿಗಳಲ್ಲಿ ಅಲೆದು, ಕತಾರಿಗೆ ಬಂದು ಆಗಲೇ ಹದಿನಾಲ್ಕು ವರ್ಷವಾಗಿತ್ತು. ಫುಟ್‌ಬಾಲ್ ವಿಶ್ವಕಪ್ಪಿಗೆ ಒಂದು ವರ್ಷ ಉಳಿದಿತ್ತು. ಊರ ತುಂಬ ರಸ್ತೆ, ಸೇತುವೆ, ಹೋಟೆಲುಗಳ ಕೆಲಸ. ಅವಕ್ಕೆ ಬಳಸುವ ಜಲ್ಲಿ, ಮರಳು, ಕಾಂಕ್ರೀಟು ಎಲ್ಲವೂ ನಮ್ಮಂಥ ಲ್ಯಾಬುಗಳ ಮೇಜು ಹಾಯ್ದೇ ಹೋಗಬೇಕಿತ್ತು. ಬೆಳಿಗ್ಗೆ ಏಳಕ್ಕೆ ಬಿನ್ ಒಮ್ರಾನ್ ಬಡಾವಣೆಯ ನನ್ನ ಮನೆ ಬಿಟ್ಟರೆ ಸಂಜೆಯವರೆಗೂ ಕಣ್ಣು ಸೂಕ್ಷ್ಮದರ್ಶಕಕ್ಕೆ ಅಂಟಿಕೊಂಡಿರುತ್ತಿತ್ತು.

ಪೆಟ್ರೋಗ್ರಫಿ ಎಂದರೆ ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ಓದುವ ಕೆಲಸ. ಕಲ್ಲಿನಿಂದ ಒಂದು ಹೋಳು ಕತ್ತರಿಸಿ, ಗಾಜಿನ ಸ್ಲೈಡಿಗೆ ಅಂಟಿಸಿ, ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳ್ಳಗಾಗುವ ತನಕ ಉಜ್ಜಬೇಕು. ಅಷ್ಟು ತೆಳುವಾದರೆ ಕರಿಕಲ್ಲು ಕೂಡ ಬೆಳಕು ಬಿಡುತ್ತದೆ. ಇದಕ್ಕೆ ಥಿನ್ ಸೆಕ್ಷನ್ ಎನ್ನುತ್ತಾರೆ. ಓದುವುದು ನನ್ನ ಕೆಲಸವಾದರೆ, ಉಜ್ಜುವುದು ರಮದಾನ್ ಎಂಬ ಈಜಿಪ್ಟಿನವರ ಕೆಲಸ. ವಯಸ್ಸು ಐವತ್ತೆಂಟು. ಅವರ ಕೈಯ ಸ್ಲೈಡಿನಲ್ಲಿ ಒಂದು ಗುಳ್ಳೆಯೂ ಇರುತ್ತಿರಲಿಲ್ಲ. ಇಡೀ ಲ್ಯಾಬು ಅವರನ್ನು ‘ಉಸ್ತಾ’ ಎಂದು ಕರೆಯುತ್ತಿತ್ತು. ಕಸುಬಿನಲ್ಲಿ ಪಳಗಿದವನನ್ನು ಅವರ ದೇಶದಲ್ಲಿ ಕರೆಯುವ ರೀತಿ ಅದು. ನನಗೆ ಪಿಎಚ್‌ಡಿ ಇಲ್ಲ, ಆದರೂ ಅವರು ನನ್ನನ್ನು ‘ದೊಕ್ತೋರಾ’ ಎಂದೇ ಕರೆಯುತ್ತಿದ್ದರು. ಎಷ್ಟು ಹೇಳಿದರೂ ಬಿಡಲಿಲ್ಲ. ನಾವಿಬ್ಬರೂ ಮಾತಾಡುತ್ತಿದ್ದದ್ದು ಅರ್ಧ ಇಂಗ್ಲಿಷು, ಅರ್ಧ ಹಿಂದಿ, ನಡುವೆ ಉಪ್ಪಿನಕಾಯಿಯಷ್ಟು ಅರಬ್ಬಿ ಬೆರೆಸಿದ ಒಂದು ಭಾಷೆ.

ಒಂದು ಭಾನುವಾರ, ಅಲ್ಲಿ ಅದು ವಾರದ ಮೊದಲ ಕೆಲಸದ ದಿನ, ನಮ್ಮ ಲ್ಯಾಬ್ ಮ್ಯಾನೇಜರ್ ಕೋಶಿ ಸಾರ್ ನನ್ನನ್ನು ಕೆಳಗೆ ಕರೆಸಿದರು. ರಿಸೆಪ್ಷನ್ನಿನಲ್ಲಿ ಮರದ ಪೆಟ್ಟಿಗೆಯೊಂದರ ಪಕ್ಕ ಮೂವತ್ತು ದಾಟಿದ ಒಬ್ಬರು ನಿಂತಿದ್ದರು. ಕೊರಳಲ್ಲಿ ಐಡಿ ಕಾರ್ಡು, ಮುಖದ ತುಂಬ ಉತ್ಸಾಹ.

“ನಮಸ್ಕಾರ ಮೇಡಂ. ಪ್ರಸನ್ನ ಅಂತ. ಮೈಸೂರಿನೋರು. ಇಲ್ಲಿ ಕನ್ನಡದೋರು ಒಬ್ರು ಮೈಕ್ರೋಸ್ಕೋಪ್ ನೋಡ್ತಾರೆ ಅಂತ ಗೊತ್ತಾಯ್ತು, ಬೇರೆ ಲ್ಯಾಬಿಗೆ ಹೋಗೋ ಮನಸ್ಸೇ ಆಗ್ಲಿಲ್ಲ.”

ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಹೊಟ್ಟಿನ ಹಾಸಿಗೆಯ ಮೇಲೆ ಹಳದಿ ಬಣ್ಣದ ಒಂದು ಕಲ್ಲು. ಎರಡು ಕೈಯಲ್ಲಿ ಎತ್ತಬಹುದಾದಷ್ಟು ದೊಡ್ಡದು. ಮೂರು ಮಗ್ಗುಲು ಕೆತ್ತಿದ್ದು, ಒಂದು ಮಗ್ಗುಲು ಒಡೆದದ್ದು. ಬೆನ್ನಿಗೆ ಬೂದು ಬಣ್ಣದ ಗಾರೆ ಅಂಟಿತ್ತು.

“ಇದು ಗೀಜಾದ ದೊಡ್ಡ ಪಿರಮಿಡ್ಡಿನ ಕಲ್ಲು ಮೇಡಂ,” ಎಂದರು ಪ್ರಸನ್ನ.

ವಿಶ್ವಕಪ್ಪಿಗೆ ಬರುವ ಜನಕ್ಕಾಗಿ ಅಲ್ ಹಿಲಾಲ್ ಕಡೆಯ ಒಂದು ಹಳೆಯ ಗೋದಾಮಿನಲ್ಲಿ ಪಿರಮಿಡ್ಡುಗಳ ಕುರಿತು ಪ್ರದರ್ಶನ ಏರ್ಪಡಿಸುತ್ತಿದ್ದರು. ಪ್ರಸನ್ನ ಅದರ ಸಂಯೋಜಕ. ಯೋಚನೆಯೂ ಅವರದೇ, ಗೋಡೆಯ ಫಲಕಗಳ ಬರಹವೂ ಅವರದೇ. ಯುರೋಪಿನ ಒಬ್ಬ ಸಂಗ್ರಾಹಕನಿಂದ ಈ ಕಲ್ಲನ್ನು ಒಂದೂವರೆ ವರ್ಷಕ್ಕೆಂದು ಎರವಲು ತರಿಸಿದ್ದರು. ಅದರ ಜೊತೆಗೆ ಬಂದಿದ್ದ ಪ್ರಮಾಣಪತ್ರದಲ್ಲಿ ರೇಡಿಯೊಕಾರ್ಬನ್ ಪರೀಕ್ಷೆಯ ಫಲಿತಾಂಶವಿತ್ತು: ಸುಮಾರು ಹನ್ನೆರಡು ಸಾವಿರ ವರ್ಷ.

“ಪುಸ್ತಕದಲ್ಲೆಲ್ಲ ನಾಲ್ಕೂವರೆ ಸಾವಿರ ವರ್ಷ ಅಂತಿದೆ. ಇದು ಅದಕ್ಕಿಂತ ಎರಡೂವರೆ ಪಟ್ಟು ಹಳೇದು! ಅಂದ್ಮೇಲೆ ಯಾವನೋ ರಾಜನ ಸಮಾಧಿ ಅನ್ನೋ ಕಥೆ ನಿಲ್ಲುತ್ತಾ? ಶಕ್ತಿ ಉತ್ಪಾದನೆಗೆ ಕಟ್ಟಿದ್ದಿರಬಹುದು, ನಕ್ಷತ್ರ ನೋಡೋಕಿರಬಹುದು. ನಮ್ಮ ಪ್ರದರ್ಶನದ ಮೊದಲನೇ ಫಲಕವೇ ಇದು.”

ಮೊಬೈಲಿನಲ್ಲಿ ಆ ಫಲಕದ ವಿನ್ಯಾಸ ತೋರಿಸಿದರು. ಕಪ್ಪು ಹಿನ್ನೆಲೆಯಲ್ಲಿ ಚಿನ್ನದ ಅಕ್ಷರ. ಚೆನ್ನಾಗಿಯೇ ಇತ್ತು.

ಅವರು ತಂದ ವರ್ಕ್ ಆರ್ಡರಿನಲ್ಲಿ ಎರಡು ಪ್ರಶ್ನೆಗಳಿದ್ದವು. ಒಂದು, ಈ ಕಲ್ಲು ಗೀಜಾದ ಸುಣ್ಣದಕಲ್ಲಿಗೆ ಹೊಂದುತ್ತದೆಯೇ? ಎರಡು, ಹನ್ನೆರಡು ಸಾವಿರ ವರ್ಷದ ವಯಸ್ಸನ್ನು ದೃಢಪಡಿಸಬಹುದೇ? ಕೋಶಿ ಸಾರ್ ಎರಡನೆಯದನ್ನು ಪೆನ್ನಿನಲ್ಲಿ ಹೊಡೆದು ಹಾಕಿದರು. “ವಯಸ್ಸು ಅಳೆಯೋ ಉಪಕರಣ ನಮ್ಮಲ್ಲಿಲ್ಲ. ಕಲ್ಲು ಯಾವ ಕಡೇದು ಅಂತ ಮಾತ್ರ ಹೇಳ್ತೀವಿ.” ಪ್ರಸನ್ನ ಒಪ್ಪಿದರು. ನನಗೂ ಸಮಾಧಾನವಾಯಿತು. ಕೆಲಸ ಚಿಕ್ಕದಾದಷ್ಟೂ ಒಳ್ಳೆಯದು. ಮೇಜಿನ ಮೇಲೆ ಮೂರು ಸೇತುವೆಗಳ ಕಾಂಕ್ರೀಟು ಕಾಯುತ್ತಿತ್ತು.

ತೊಡಕು ಶುರುವಾದದ್ದು ಕತ್ತರಿಸುವ ಕೋಣೆಯಲ್ಲಿ. ರಮದಾನ್ ಕಲ್ಲನ್ನು ಹೊರಳಿಸಿ ನೋಡಿದರು, ಚೀಟಿ ಓದಿದರು, ಗರಗಸದ ಸ್ವಿಚ್ ಆರಿಸಿಬಿಟ್ಟರು.

“ದೊಕ್ತೋರಾ, ಇದನ್ನು ನಾನು ಕತ್ತರಿಸೋದಿಲ್ಲ.”

“ಯಾಕೆ ಉಸ್ತಾ?”

“ಇದು ನಿಜವಾಗಿ ಪಿರಮಿಡ್ಡಿನದೇ ಆಗಿದ್ದರೆ ಕಳ್ಳಮಾಲು. ನಮ್ಮ ದೇಶದ ಹಳೇ ಕಲ್ಲಿನ ಒಂದು ಚೂರನ್ನೂ ಹೊರಗೆ ಒಯ್ಯೋ ಹಾಗಿಲ್ಲ, ಕಾನೂನಿದೆ. ಕಳ್ಳಮಾಲಿಗೆ ನಾನು ಕೈ ಹಚ್ಚೋದಿಲ್ಲ.”

ರಮದಾನ್ ಅವರ ಊರು ಗೀಜಾದ ದಿಬ್ಬದ ಬುಡದಲ್ಲಿರುವ ಒಂದು ಹಳ್ಳಿ ಎಂದು ನನಗೆ ಗೊತ್ತಾದದ್ದೇ ಆಗ. ಆರು ವರ್ಷ ಒಂದೇ ಲ್ಯಾಬಿನಲ್ಲಿ ದುಡಿದಿದ್ದೆವು. ಊರು ಯಾವುದೆಂದು ಕೇಳಿದ್ದೆ, ಅವರು ಕೈರೋ ಎಂದಿದ್ದರು, ನಾನು ಅಷ್ಟಕ್ಕೇ ಬಿಟ್ಟಿದ್ದೆ. ಅವರು ಹುಟ್ಟಿದ ಮನೆಯ ಮಾಳಿಗೆಯಿಂದ ಮೂರೂ ದೊಡ್ಡ ಪಿರಮಿಡ್ಡುಗಳು ಕಾಣುತ್ತಿದ್ದವಂತೆ. ಅವ್ವ ಬಟ್ಟೆ ಒಣಹಾಕುತ್ತಿದ್ದದ್ದು ಅದೇ ಮಾಳಿಗೆಯ ಮೇಲೆ.

ನಾನು ಅವರಿಗೆ ಒಂದು ಮಾತು ಕೊಟ್ಟೆ. ಕಲ್ಲು ಹಳೆಯದೆಂದು ಕಂಡರೆ ಅದನ್ನು ವರದಿಯಲ್ಲಿ ಬರೆಯುತ್ತೇನೆ, ಈಜಿಪ್ಟಿನ ಅಧಿಕಾರಿಗಳಿಗೆ ತಿಳಿಸುವಂತೆ ಗ್ರಾಹಕರಿಗೂ ಹೇಳುತ್ತೇನೆ. ಅವರು ಗರಗಸದ ಸ್ವಿಚ್ ಮತ್ತೆ ಹಾಕಿದರು. ಆಮೇಲೆ ಒಡೆದ ಮಗ್ಗುಲಿನಿಂದ, ಬೆರಳಿನಷ್ಟು ದೊಡ್ಡ ಒಂದು ಹೋಳನ್ನು ಮಾತ್ರ ತೆಗೆದುಕೊಟ್ಟರು.

ಮರುದಿನ ಸ್ಲೈಡು ನೋಡಿದೆ. ಸುಣ್ಣದಕಲ್ಲಿನ ತುಂಬ ನಾಣ್ಯದಾಕಾರದ ಪಳೆಯುಳಿಕೆಗಳು, ಒಂದರೊಳಗೊಂದು ಸುರುಳಿ ಸುತ್ತಿದ ಕೋಣೆಗಳು. ನಮ್ಮ ಪುಸ್ತಕಗಳಲ್ಲಿ ಅವಕ್ಕೆ ನ್ಯುಮುಲೈಟ್ ಎಂದು ಹೆಸರು. ನಾಲ್ಕೈದು ಕೋಟಿ ವರ್ಷಗಳ ಹಿಂದೆ ಈಜಿಪ್ಟಿನ ಮೇಲೆ ಸಮುದ್ರವಿದ್ದಾಗ ಅದರ ತಳದಲ್ಲಿ ಬದುಕಿದ್ದ ಜೀವಿಗಳು. ಗೀಜಾದ ದಿಬ್ಬದ ಕಲ್ಲು ಇವುಗಳಿಗೆ ಹೆಸರುವಾಸಿ. ರಮದಾನ್ ಅವರನ್ನು ಕರೆದು ತೋರಿಸಿದೆ.

“ಓ, ಇವು ನಮ್ಮೂರಲ್ಲಿ ಕಾಲಡಿ ಬಿದ್ದಿರ್ತಾವೆ,” ಎಂದರು. “ಪಿರಮಿಡ್ಡು ಕಟ್ಟಿದವರು ಉಂಡು ಚೆಲ್ಲಿದ ಬೇಳೆ ಕಲ್ಲಾಗಿದೆ ಅಂತ ನಮ್ಮ ಅಜ್ಜಿ ಹೇಳ್ತಿದ್ದಳು. ನಾವು ನಂಬಿದ್ದೆವು.”

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಒಂದೂವರೆ ಪುಟದ ಕರಡು ಬರೆದೆ: ಕಲ್ಲಿನ ವರ್ಣನೆ, ನಾಲ್ಕು ಫೋಟೋ, ಕೊನೆಗೆ ‘ಮಾದರಿಯು ಗೀಜಾ ಪ್ರದೇಶದ ಸುಣ್ಣದಕಲ್ಲಿಗೆ ಹೊಂದುತ್ತದೆ’ ಎಂಬ ಒಂದು ವಾಕ್ಯ. ವಯಸ್ಸಿನ ವಿಚಾರ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಟಿಪ್ಪಣಿಯನ್ನೂ ಸೇರಿಸಿದೆ. ಸಹಿ ಹಾಕಿ ಕೋಶಿ ಸಾರ್‌ಗೆ ಕಳಿಸುವುದಷ್ಟೇ ಬಾಕಿ.

ಆಗ ರಮದಾನ್ ಇನ್ನೊಂದು ಸ್ಲೈಡು ತಂದು ನನ್ನ ಮೇಜಿನ ಮೇಲೆ ಇಟ್ಟರು.

“ಇದೇನು?”

“ಕಲ್ಲಿನ ಬೆನ್ನಿಗಿದ್ದ ಗಾರೆ. ನೀವು ಇದನ್ನು ನೋಡಲಿಲ್ಲ.”

“ಕೇಳಿಲ್ಲವಲ್ಲ ಉಸ್ತಾ. ಕಲ್ಲು ಯಾವುದು ಅಂತಷ್ಟೇ ಕೇಳಿದ್ದಾರೆ. ಖಲಾಸ್.”

ಅವರು ಹೋಗಲಿಲ್ಲ. ನನ್ನ ಮೇಜಿನ ಅಂಚು ಹಿಡಿದು ನಿಂತರು. “ಕಲ್ಲಿಗೆ ಗುಡ್ಡದ ವಯಸ್ಸು, ದೊಕ್ತೋರಾ. ಗಾರೆಗೆ ಮನುಷ್ಯನ ವಯಸ್ಸು. ಅವರು ಹನ್ನೆರಡು ಸಾವಿರ ಅಂತಿರೋದು ಯಾವುದನ್ನ?”

ಸ್ವಲ್ಪ ಬೇಸರದಿಂದಲೇ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಸಿದೆ. ಎರಡು ನಿಮಿಷ ನೋಡಿರಬಹುದು. ಆಮೇಲೆ ಕುರ್ಚಿಗೆ ಒರಗಿ ಕೂತೆ. ಮತ್ತೆ ಬಾಗಿ ನೋಡಿದೆ.

ನಾನು ಕಂಡದ್ದೇನೆಂದು ಬಿಡಿಸಿ ಹೇಳಬೇಕು. ಪ್ರಾಚೀನ ಈಜಿಪ್ಟಿನ ಪಿರಮಿಡ್ಡುಗಳ ಗಾರೆ ಮುಖ್ಯವಾಗಿ ಜಿಪ್ಸಮ್ಮಿನದು. ಜಿಪ್ಸಂ ಕಲ್ಲನ್ನು ಸೌದೆಯ ಬೆಂಕಿಯಲ್ಲಿ ಸುಟ್ಟು, ಪುಡಿ ಮಾಡಿ, ನೀರು ಬೆರೆಸಿ ಬಳಸುತ್ತಿದ್ದರು. ನನ್ನ ಮುಂದಿದ್ದ ಗಾರೆಯಲ್ಲಿ ಬೂದು ಹಿನ್ನೆಲೆಯ ನಡುವೆ ಆರುಮೂಲೆಯ ಬಣ್ಣವಿಲ್ಲದ ಹರಳುಗಳು, ಪಕ್ಕದಲ್ಲಿ ಗೆರೆ ಗೆರೆಯ ದುಂಡು ಹರಳುಗಳು, ಅವುಗಳ ಸಂದಿಯಲ್ಲಿ ಕಂದು ಬಣ್ಣ. ಇದಕ್ಕೆ ಕ್ಲಿಂಕರ್ ಎಂದು ಹೆಸರು. ಸುಣ್ಣದಕಲ್ಲನ್ನೂ ಜೇಡಿಯನ್ನೂ ಒಟ್ಟಿಗೆ, ಸಾವಿರದ ನಾನೂರು ಡಿಗ್ರಿ ಮೀರಿದ ಶಾಖದ ಗೂಡಿನಲ್ಲಿ ಬೇಯಿಸಿದಾಗ ಹುಟ್ಟುವ ವಸ್ತು. ಅದನ್ನು ಅರೆದರೆ ಪೋರ್ಟ್‌ಲ್ಯಾಂಡ್ ಸಿಮೆಂಟು. ನಮ್ಮ ನಿಮ್ಮ ಮನೆ ಕಟ್ಟುವ ಮಾಮೂಲಿ ಸಿಮೆಂಟು. ಮನುಷ್ಯರು ಅದನ್ನು ಮಾಡಲು ಕಲಿತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ದಿನಾ ಸೇತುವೆಗಳ ಕಾಂಕ್ರೀಟಿನಲ್ಲಿ ನೋಡುತ್ತಿದ್ದ ಅದೇ ಹರಳುಗಳು ಹನ್ನೆರಡು ಸಾವಿರ ವರ್ಷದ ಗಾರೆಯಲ್ಲಿ ಕೂತಿದ್ದವು!

ಹಾಗಾದರೆ ರೇಡಿಯೊಕಾರ್ಬನ್ ಲ್ಯಾಬು ಸುಳ್ಳು ಹೇಳಿತೇ? ಪ್ರಮಾಣಪತ್ರವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಸಣ್ಣ ಅಕ್ಷರದಲ್ಲಿ ‘ಮಾದರಿ: ಗಾರೆ, ಕಾರ್ಬೊನೇಟ್ ಅಂಶ’ ಎಂದು ಬರೆದಿತ್ತು. ಒಗಟು ಅಲ್ಲೇ ಬಿಚ್ಚಿತು. ಜೀವಿಗಳು ಗಾಳಿಯಿಂದ, ಆಹಾರದಿಂದ ಹೀರಿಕೊಳ್ಳುವ ಇಂಗಾಲದಲ್ಲಿ ಒಂದಿಷ್ಟು ರೇಡಿಯೊಕಾರ್ಬನ್ ಇರುತ್ತದೆ. ಸತ್ತ ಮೇಲೆ ಅದು ಸುಮಾರು 5,730 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಹೋಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದು ವಯಸ್ಸು ಲೆಕ್ಕ ಹಾಕುತ್ತಾರೆ. ಗಾರೆ ಗಟ್ಟಿಯಾಗುವಾಗ ಗಾಳಿಯಿಂದ ಹೊಸ ಇಂಗಾಲ ಹೀರುತ್ತದೆ, ನಿಜ. ಆದರೆ ಈ ಗಾರೆಯಲ್ಲಿ ಮರಳಿನ ಬದಲು ಸುಣ್ಣದಕಲ್ಲಿನ ಪುಡಿ ಬಳಸಿದ್ದರು. ಕೋಟಿ ವರ್ಷ ಹಳೆಯ ಕಲ್ಲಿನ ಇಂಗಾಲದಲ್ಲಿ ರೇಡಿಯೊಕಾರ್ಬನ್ ಒಂದಿಷ್ಟೂ ಉಳಿದಿರುವುದಿಲ್ಲ. ಹೊಸ ಇಂಗಾಲ ಕಾಲು ಭಾಗ, ಕಲ್ಲಿನ ಸತ್ತ ಇಂಗಾಲ ಮುಕ್ಕಾಲು ಭಾಗ ಬೆರೆತರೆ ಲೆಕ್ಕ ತಾನಾಗಿ ಹನ್ನೆರಡು ಸಾವಿರ ವರ್ಷದ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಳತೆ ಸರಿಯಾಗಿಯೇ ಇತ್ತು. ಆದರೆ ಅದು ಯಾವ ಮನುಷ್ಯನ ಕೆಲಸದ ಕಾಲವೂ ಆಗಿರಲಿಲ್ಲ, ಎರಡು ಕಾಲಗಳ ಕಲಬೆರಕೆಯಾಗಿತ್ತು.

ಗೀಜಾದಲ್ಲಿ ನಿಜವಾದ ಪರೀಕ್ಷೆ ಹೇಗೆ ನಡೆದಿದೆ ಎಂಬುದನ್ನೂ ಆ ವಾರ ಓದಿಕೊಂಡೆ. ಅಲ್ಲಿನ ಜಿಪ್ಸಂ ಗಾರೆಯಲ್ಲಿ ಸೌದೆಯ ಇದ್ದಿಲಿನ ಚೂರುಗಳು ಸಿಗುತ್ತವೆ. ಅವನ್ನು ಅಳೆದಾಗ ಖುಫು ಅರಸನ ಕಾಲಕ್ಕೆ, ಅಂದರೆ ಸುಮಾರು ನಾಲ್ಕೂವರೆ ಸಾವಿರ ವರ್ಷದ ಹಿಂದಕ್ಕೆ, ಹತ್ತಿರದ ಸಂಖ್ಯೆಗಳು ಬಂದಿವೆ. ಕೆಲವು ಚೂರುಗಳು ನೂರು ಇನ್ನೂರು ವರ್ಷ ಹೆಚ್ಚು ತೋರಿಸುತ್ತವೆ. ಹಳೆಯ ಮರ, ಮುರಿದ ಸಾಮಾನು ಎಲ್ಲವನ್ನೂ ಒಲೆಗೆ ಹಾಕಿರಬೇಕು, ಅದಕ್ಕೆ ಎನ್ನುತ್ತಾರೆ ಬಲ್ಲವರು.

ಕೋಶಿ ಸಾರ್‌ಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಗಾರೆ ನಮ್ಮ ವ್ಯಾಪ್ತಿಯಲ್ಲಿಲ್ಲ. ಬರೆಯದಿದ್ದರೆ ಯಾರೂ ಕೇಳೋದಿಲ್ಲ. ಬರೆದರೆ ಗ್ರಾಹಕ ಸಿಟ್ಟಾಗಬಹುದು. ಎರಡಕ್ಕೂ ನಾನು ನಿಮ್ಮ ಹಿಂದೆ ಇರ್ತೀನಿ. ಸಹಿ ನಿಮ್ಮದು.”

ಎರಡು ದಿನ ಆ ಕರಡು ನನ್ನ ಕಂಪ್ಯೂಟರಿನಲ್ಲೇ ಉಳಿಯಿತು. ಈ ಮಾತನ್ನು ಮುಚ್ಚಿಡಬಾರದು, ಹಳೆಯ ಕರಡನ್ನೇ ಕಳಿಸಿಬಿಡುವ ಆಸೆ ನನಗಿತ್ತು. ಅದರಲ್ಲಿ ಒಂದೇ ಒಂದು ಸುಳ್ಳು ಪದ ಇರಲಿಲ್ಲ. ಪ್ರದರ್ಶನ ನೋಡಿ ಜನ ಬೆರಗಾದರೆ ಯಾರ ಗಂಟು ಹೋಗುತ್ತದೆ ಎಂದು ಅನಿಸುತ್ತಿತ್ತು. ಆದರೆ ನನ್ನ ಆ ಒಂದು ವಾಕ್ಯ ಆ ಹನ್ನೆರಡು ಸಾವಿರದ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂರುತ್ತದೆ ಎಂಬುದೂ ಗೊತ್ತಿತ್ತು. ಲ್ಯಾಬಿನ ಮುದ್ರೆಯ ಸಮೇತ.

ಕೊನೆಗೆ ಪ್ರಸನ್ನ ಅವರಿಗೆ ಫೋನ್ ಮಾಡಿ ಬರಹೇಳಿದೆ.

ಗಾರೆಯ ವಿಷಯ ಕೇಳುತ್ತಿದ್ದಂತೆ ಅವರ ಮುಖದ ಉತ್ಸಾಹವೆಲ್ಲ ಇಳಿದುಹೋಯಿತು. “ಮೇಡಂ, ನಾವು ಗಾರೆ ಬಗ್ಗೆ ಕೇಳೇ ಇಲ್ವಲ್ಲ. ಆ ಒಂದು ಸಾಲು ಬಿಟ್ಬಿಡಿ, ಅಷ್ಟೇ. ಸುಳ್ಳು ಬರೀರಿ ಅಂತ ನಾನು ಹೇಳ್ತಿಲ್ಲ.”

“ಬಿಟ್ಟರೂ ಸುಳ್ಳೇ ಆಗ್ತದ ಪ್ರಸನ್ನ.”

“ನಿಮಗೆ ಗೊತ್ತಿಲ್ಲ. ಈ ಪ್ರಾಜೆಕ್ಟಿಗೆ ಎಷ್ಟು ಜನ ಬೇಡ ಅಂದಿದ್ರು ಗೊತ್ತಾ? ದುಡ್ಡು ಹಾಕ್ತಿರೋ ನಮ್ಮ ಯಜಮಾನ್ರು ಅಬು ಖಾಲಿದ್ ಅವರ ಮುಂದೆ ನಿಂತು, ಈ ಕಲ್ಲು ನೋಡೋಕೆ ಜಗತ್ತೇ ಬರುತ್ತೆ ಅಂತ ಹೇಳಿದವನು ನಾನು. ಈಗ ಇದು ಸಿಮೆಂಟು ಅಂತ ಹೇಗೆ ಹೇಳ್ಲಿ? ಕೆಲಸ ಹೋದ್ರೆ ವೀಸಾನೂ ಹೋಗುತ್ತೆ. ಮಗಳು ಇಲ್ಲೇ ಎರಡನೇ ಕ್ಲಾಸು.”

ಎದ್ದು ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ ಎಳೆದೆ. “ಕೂಡ್ರಿ. ನೀವೇ ನೋಡ್ರಿ.”

ಎಡಕ್ಕೆ ಆ ಗಾರೆಯ ಸ್ಲೈಡು, ಬಲಕ್ಕೆ ದೋಹಾದ ಒಂದು ಸೇತುವೆಯ ಕಾಂಕ್ರೀಟಿನ ಸ್ಲೈಡು. ಎರಡನ್ನೂ ಒಂದಾದ ಮೇಲೊಂದು ತೋರಿಸಿದೆ. ಪ್ರಸನ್ನ ಬಹಳ ಹೊತ್ತು ನೋಡಿದರು. ತಾವೇ ಸ್ಲೈಡು ಬದಲಿಸಿಕೊಂಡು ಮತ್ತೆ ಮತ್ತೆ ನೋಡಿದರು.

“ಎರಡೂ ಒಂದೇ ಥರ ಇದೆ,” ಎಂದರು ಸಣ್ಣ ದನಿಯಲ್ಲಿ.

“ಹೌದು.”

“ಇದನ್ನ ಯಾರಾದ್ರೂ ಪ್ರದರ್ಶನ ಶುರುವಾದ್ಮೇಲೆ ಕಂಡುಹಿಡಿದ್ರೆ?”

“ಕಂಡುಹಿಡಿದೇ ಹಿಡಿತಾರ. ಇಲ್ಲಿಗೆ ಬರೋರೊಳಗ ಎಂಜಿನಿಯರುಗಳೇನು ಕಡಿಮೆ ಇರ್ತಾರೇನು?”

ನಾನು ಒಂದು ದಾರಿ ಹೇಳಿದೆ. “ವರದಿ ನಾಲ್ಕು ದಿನ ತಡ ಮಾಡ್ತೀನಿ. ಅಷ್ಟರೊಳಗ ನೀವೇ ಹೋಗಿ ನಿಮ್ಮ ಯಜಮಾನರಿಗೆ ಹೇಳ್ರಿ. ನನ್ನ ಕಾಗದ ಹೇಳೋದಕ್ಕಿಂತ ನಿಮ್ಮ ಬಾಯಿಂದ ಬಂದರೆ ಚಲೋ. ಬೇಕಂದರೆ ನಾನೂ ಜೊತೆಗೆ ಬರ್ತೀನಿ.”

“ಬನ್ನಿ ಮೇಡಂ,” ಎಂದರು ಕೂಡಲೇ.

ಗುರುವಾರ ಸಂಜೆ ಅಲ್ ಅಜೀಜಿಯಾದ ಒಂದು ವಿಲ್ಲಾದ ಮಜ್ಲಿಸಿನಲ್ಲಿ, ಅಂದರೆ ಬಂದವರನ್ನು ಕೂರಿಸುವ ಹೊರಕೋಣೆಯಲ್ಲಿ, ನಾವು ಕೂತಿದ್ದೆವು. ರಮದಾನ್ ಕೂಡ ಬಂದಿದ್ದರು. ಅರಬ್ಬಿಯಲ್ಲಿ ವಿವರಿಸಲು ಒಬ್ಬರು ಬೇಕು ಎಂದು ನಾನೇ ಕರೆದುಕೊಂಡು ಹೋಗಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅಬು ಖಾಲಿದ್ ಎಪ್ಪತ್ತರ ಆಸುಪಾಸಿನವರು, ಮಾತು ಕಡಿಮೆ. ಕಾಫಿ ಬಂತು, ಖರ್ಜೂರ ಬಂತು.

ಪ್ರಸನ್ನ ಬಟ್ಟಲು ಕೆಳಗಿಟ್ಟು ನೇರವಾಗಿ ಹೇಳಿಬಿಟ್ಟರು. “ಸರ್, ನಾನು ತಪ್ಪು ಮಾಡಿದೆ. ಕಲ್ಲಿನ ವಯಸ್ಸು ಹನ್ನೆರಡು ಸಾವಿರ ಅಲ್ಲ. ಕಾಗದ ಪೂರ್ತಿ ಓದದೆ ನಂಬಿದೆ.”

ಅಬು ಖಾಲಿದ್ ನನ್ನತ್ತ ತಿರುಗಿದರು. ನಾನು ಲ್ಯಾಪ್‌ಟಾಪಿನಲ್ಲಿ ಫೋಟೋ ತೋರಿಸಿ ಹೇಳಿದೆ, ರಮದಾನ್ ಅರಬ್ಬಿಯಲ್ಲಿ ಬಿಡಿಸಿದರು. ಹತ್ತು ನಿಮಿಷವಾಯಿತು. ಅವರ ಮೊದಲ ಪ್ರಶ್ನೆ ನಾನು ಎಣಿಸಿದ್ದಲ್ಲ.

“ಹಾಗಾದರೆ ಈ ಸಿಮೆಂಟು ಹಚ್ಚಿದವರು ಯಾರು?”

ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ. ಉತ್ತರ ಕೊಟ್ಟವರು ರಮದಾನ್. ಅವರು ಅರಬ್ಬಿಯಲ್ಲಿ ಹೇಳಿದ್ದನ್ನು ಆಮೇಲೆ ಕಾರಿನಲ್ಲಿ ನಮಗೆ ಮತ್ತೆ ಹೇಳಿದರು, ಹಾಗಾಗಿ ಇಲ್ಲಿ ಬರೆಯಬಲ್ಲೆ.

“ನಮ್ಮಪ್ಪ ಗೀಜಾದಲ್ಲಿ ದುರಸ್ತಿ ಕೆಲಸಕ್ಕೆ ಹೋಗ್ತಿದ್ದರು, ಯಾ ಅಬು ಖಾಲಿದ್. ಹಳೇ ಗೋರಿಗಳ ಗೋಡೆ ಬಿದ್ದಲ್ಲಿ ಅದೇ ದಿಬ್ಬದ ಕಲ್ಲು ಕೆತ್ತಿ, ಸಿಮೆಂಟು ಹಚ್ಚಿ ಕೂರಿಸೋರು. ಆ ಕಾಲಕ್ಕೆ ಅದೇ ಸರಿ ಅಂದುಕೊಂಡಿದ್ದರು. ಆಮೇಲೆ ಸಿಮೆಂಟಿನ ಉಪ್ಪು ಹಳೇ ಕಲ್ಲನ್ನು ತಿನ್ನುತ್ತೆ ಅಂತ ತಿಳೀತು. ಕೆಲವು ಕಡೆ ಅದನ್ನೆಲ್ಲ ಕಿತ್ತರು. ಕಿತ್ತ ಕಲ್ಲು ರಾಶಿ ಬಿದ್ದಿರ್ತಿತ್ತು, ನಾವು ಹುಡುಗರು ಅದರ ಮೇಲೆ ಹತ್ತಿ ಆಡ್ತಿದ್ದೆವು. ಇದು ಅಂಥ ರಾಶಿಯದೇ ಅಂತ ನಾನು ಆಣೆ ಮಾಡಲಾರೆ. ಆದರೆ ಈ ಕಲ್ಲಿನ ಬೆನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮಪ್ಪ. ರಾಜ ಅಲ್ಲ.”

ಅಬು ಖಾಲಿದ್ ಕಲ್ಲಿನ ಫೋಟೋವನ್ನು ಮತ್ತೊಮ್ಮೆ ನೋಡಿದರು. “ಪಿರಮಿಡ್ಡು ಕಟ್ಟಿದ್ದು ಯಾಕೆ? ಸಮಾಧಿಯೋ, ಇವನು ಹೇಳೋ ಹಾಗೆ ವಿದ್ಯುತ್ತಿಗೋ?”

“ನನ್ನ ಸೂಕ್ಷ್ಮದರ್ಶಕಕ್ಕೆ ಅದು ಕಾಣಿಸೋದಿಲ್ಲ ಸರ್,” ಎಂದೆ. “ಕಲ್ಲು ಎಲ್ಲಿಯದು, ಗಾರೆ ಎಂಥದು ಅಂತ ಅದು ಹೇಳುತ್ತದೆ. ಯಾಕೆ ಕಟ್ಟಿದರು ಅಂತ ತಿಳಿಯೋಕೆ ಕಲ್ಲಿನ ಸುತ್ತ ಏನಿತ್ತು ಅಂತ ನೋಡಬೇಕು.”

“ಸುತ್ತ ಏನಿತ್ತು?”

ಅದಕ್ಕೂ ಉತ್ತರ ರಮದಾನ್ ಅವರದೇ. ಅರಸನ ಕೋಣೆಯಲ್ಲಿ ಶವಪೆಟ್ಟಿಗೆ ಇದೆ. ಸುತ್ತಲೂ ಅರಸನ ನೆಂಟರ, ಅಧಿಕಾರಿಗಳ ಗೋರಿಗಳ ಸಾಲು. ಕೆಲವು ತಲೆಮಾರಿನ ಬಳಿಕ ಕಟ್ಟಿದ ಪಿರಮಿಡ್ಡುಗಳ ಒಳಗೋಡೆಯ ತುಂಬ ಸತ್ತ ಅರಸನಿಗಾಗಿ ಕೆತ್ತಿದ ಪ್ರಾರ್ಥನೆಗಳು. ದಿಬ್ಬದ ದಕ್ಷಿಣಕ್ಕೆ ಕೆಲಸಗಾರರ ಊರು: ರೊಟ್ಟಿ ಸುಟ್ಟ ಒಲೆಗಳು, ದನದ ಎಲುಬು, ಅವರವರೇ ಕಟ್ಟಿಕೊಂಡ ಸಣ್ಣ ಗೋರಿಗಳು, ಕೆಲವರ ಎಲುಬಿನಲ್ಲಿ ಮುರಿದು ಕೂಡಿದ ಗುರುತು. ಕೆಂಪು ಸಮುದ್ರದ ದಂಡೆಯಲ್ಲಿ ಸಿಕ್ಕ ಪಪೈರಸ್ ಎಂಬ ಜೊಂಡಿನ ಕಾಗದದ ಸುರುಳಿಗಳಲ್ಲಿ, ಖುಫುವಿನ ಪಿರಮಿಡ್ಡಿಗೆ ದೋಣಿಯಲ್ಲಿ ಕಲ್ಲು ಸಾಗಿಸಿದ ಒಂದು ತಂಡದ ದಿನಚರಿ. ಯಾವ ದಿನ ಕಲ್ಲು ತುಂಬಿದರು, ಎಲ್ಲಿ ತಂಗಿದರು ಎಲ್ಲವೂ ಅದರಲ್ಲಿದೆ.

“ವಿದ್ಯುತ್ತಿಗೆ ಕಟ್ಟಿದ್ದರೆ ಅದರ ಸುತ್ತ ಇಷ್ಟು ಜನರನ್ನು ಯಾಕೆ ಮಣ್ಣು ಮಾಡ್ತಿದ್ದರು?” ಎಂದು ಮುಗಿಸಿದರು ರಮದಾನ್.

ಅಬು ಖಾಲಿದ್ ಮೊದಲ ಸಲ ನಕ್ಕರು. ಆಮೇಲೆ ತಮ್ಮ ತಂದೆಯ ಬಗ್ಗೆ ಮಾತಾಡಿದರು. ಅವರು ಮುತ್ತು ತೆಗೆಯಲು ಸಮುದ್ರಕ್ಕಿಳಿಯುತ್ತಿದ್ದವರು. “ಮುತ್ತನ್ನು ಕೊರಳಿಗೆ ಹಾಕಿಕೊಂಡವರ ಚಿತ್ರ ಎಲ್ಲ ಕಡೆ ಇದೆ. ಮುಳುಗಿ ತೆಗೆದವನ ಒಂದು ಚಿತ್ರವೂ ನನ್ನ ಹತ್ತಿರ ಇಲ್ಲ.” ಪ್ರಸನ್ನ ಅವರತ್ತ ತಿರುಗಿ ಹೇಳಿದರು: “ಫಲಕ ಎಲ್ಲ ಬದಲಿಸು. ಕಟ್ಟಿದವರ ಕಥೆ ಹೇಳು. ಈ ಕಲ್ಲನ್ನೂ ಇಡು, ಇದು ಏನು ಅಂತ ನಿಜ ಬರೆದು ಇಡು. ಈ ಸಲ ಕಾಗದ ಪೂರ್ತಿ ಓದು. ಯಲ್ಲಾ, ಹೊರಡು.”

ಪ್ರಸನ್ನ ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. “ಕೆಲಸ ಇದೆ ಅಲ್ವಾ ಮೇಡಂ? ನಾನು ಸರಿಯಾಗೇ ಕೇಳಿಸ್ಕೊಂಡೆ ಅಲ್ವಾ?” ಎಂದರು. ಹಿಂದಿನ ಸೀಟಿನಿಂದ ರಮದಾನ್ ಕೈ ಚಾಚಿ ಪ್ರಸನ್ನ ಅವರ ಭುಜ ತಟ್ಟಿದರು. ಬಿನ್ ಒಮ್ರಾನಿನ ಕೆಫೆಟೇರಿಯಾ ಒಂದರ ಮುಂದೆ ಕಾರು ನಿಲ್ಲಿಸಿ ಮೂವರೂ ಕರಕ್ ಎಂಬ ಗಟ್ಟಿ ಹಾಲಿನ ಚಹಾ ಕುಡಿದೆವು. ಅಷ್ಟು ರುಚಿಯಾದ ಚಹಾ ಆ ಊರಲ್ಲಿ ನಾನು ಕುಡಿದಿರಲಿಲ್ಲ.

ವರದಿ ಮೂರು ಪುಟವಾಯಿತು. ಅಬು ಖಾಲಿದ್ ಅವರ ಕಚೇರಿ ಈಜಿಪ್ಟಿನ ಅಧಿಕಾರಿಗಳಿಗೂ ಸಂಗ್ರಾಹಕನಿಗೂ ಅದರ ಪ್ರತಿ ಕಳಿಸಿತು. ದುರಸ್ತಿಯ ಕಲ್ಲಾದರೂ ಸರಿ, ಎಲ್ಲಿಂದ ಹೋಯಿತೆಂದು ತಿಳಿಯಬೇಕು ಎಂದು ಅಧಿಕಾರಿಗಳು ಬರೆದರು. ಸಂಗ್ರಾಹಕ ಹಕ್ಕು ಬಿಟ್ಟುಕೊಟ್ಟ. ಪ್ರದರ್ಶನ ಮುಗಿದ ಮೇಲೆ ಕಲ್ಲನ್ನು ಈಜಿಪ್ಟಿಗೇ ಒಪ್ಪಿಸುವುದೆಂದು ತೀರ್ಮಾನವಾಯಿತು. ಕೊಟ್ಟ ಮಾತು ಉಳಿಯಿತು ಎಂದು ರಮದಾನ್ ಎರಡು ಸಲ ಹೇಳಿದರು.

2022ರ ನವೆಂಬರಿನಲ್ಲಿ ಪ್ರದರ್ಶನ ತೆರೆಯಿತು. ಈಜಿಪ್ಟು ಆ ಸಲ ವಿಶ್ವಕಪ್ಪಿಗೆ ಅರ್ಹತೆ ಪಡೆದಿರಲಿಲ್ಲ. ರಮದಾನ್ ಅವರಿಗೆ ಅದೊಂದು ದೊಡ್ಡ ನೋವು. ಹಾಗಾಗಿ ಇನ್ನೊಂದು ಅರಬ್ ತಂಡವಾದ ಮೊರಾಕೊ ಗೆದ್ದಾಗಲೆಲ್ಲ ಲ್ಯಾಬಿಗೆ ಸಿಹಿ ತರುತ್ತಿದ್ದರು. ಗೋದಾಮಿನ ಒಂದು ಮೂಲೆಯಲ್ಲಿ ಆ ಕಲ್ಲು, ಪಕ್ಕದಲ್ಲಿ ಎರಡು ಸೂಕ್ಷ್ಮದರ್ಶಕ. ಒಂದರಲ್ಲಿ ಆ ಗಾರೆ, ಇನ್ನೊಂದರಲ್ಲಿ ನಮ್ಮ ಸೇತುವೆಯ ಕಾಂಕ್ರೀಟು. ಮೇಲಿನ ಫಲಕದಲ್ಲಿ ಪ್ರಸನ್ನ ಬರೆದಿದ್ದರು: ‘ನೀವೇ ನೋಡಿ ಹೇಳಿ.’ ಜೆರ್ಸಿ ತೊಟ್ಟ, ಮುಖಕ್ಕೆ ಬಣ್ಣ ಬಳಿದುಕೊಂಡ ಜನ ಸಾಲಾಗಿ ನಿಂತು ಬಾಗಿ ನೋಡುತ್ತಿದ್ದರು. ಎರಡೂ ಒಂದೇ ಎಂದು ತಾವೇ ಕಂಡುಕೊಂಡಾಗ ಅವರು ಹಾಕುತ್ತಿದ್ದ ಉದ್ಗಾರಕ್ಕೂ ಗೋಲು ಬಿದ್ದಾಗಿನ ಕೂಗಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಚಿನ್ನದ ಅಕ್ಷರದ ಹಳೆಯ ಫಲಕ ಇಷ್ಟು ಜನರನ್ನು ನಿಲ್ಲಿಸುತ್ತಿತ್ತೇ, ಕಾಣೆ.

ರಜೆಯ ಶುಕ್ರವಾರಗಳಂದು ರಮದಾನ್ ಅಲ್ಲೇ ನಿಂತು ವಿವರಿಸುತ್ತಿದ್ದರು. ಒಂದು ದಿನ ಒಬ್ಬ ಪ್ರವಾಸಿ ಅರ್ಧ ಗಂಟೆ ವಾದಿಸಿದ, ಪಿರಮಿಡ್ಡು ಮನುಷ್ಯರ ಕೆಲಸವೇ ಅಲ್ಲ, ಬೇರೆ ಗ್ರಹದಿಂದ ಬಂದವರು ಕಟ್ಟಿದ್ದು ಎಂದು. ರಮದಾನ್ ತಮ್ಮ ಎರಡೂ ಅಂಗೈ ಬಿಚ್ಚಿ ಅವನ ಮುಂದೆ ಹಿಡಿದರು. ನಲವತ್ತು ವರ್ಷ ಕಲ್ಲು ಉಜ್ಜಿದ ಕೈಗಳು. “ನಾನು ಆ ಊರಿನವನು. ಸರಿಯಾಗಿ ನೋಡಿ ಹೇಳಿ, ನಾನು ಯಾವ ಗ್ರಹದವನು?” ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ಪ್ರವಾಸಿಯೂ ನಕ್ಕು ಅವರೊಂದಿಗೆ ಫೋಟೋ ತೆಗೆಸಿಕೊಂಡ. ಅವನ ಅಭಿಪ್ರಾಯ ಬದಲಾಯಿತೋ ಇಲ್ಲವೋ ತಿಳಿಯದು.

ಅಲ್ಲಿಂದ ಮುಂದೆ, 2024ರಲ್ಲಿ ನಿವೃತ್ತಳಾಗುವವರೆಗೂ, ಗ್ರಾಹಕರು ಬಂದರೆ ವರ್ಕ್ ಆರ್ಡರಿಗೆ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳುವುದನ್ನು ರೂಢಿಸಿಕೊಂಡೆ: ಈ ಉತ್ತರವನ್ನು ನೀವು ಎಲ್ಲಿ ಬಳಸುತ್ತೀರಿ? ಹೊಸದಾಗಿ ಸೇರಿದವರಿಗೂ ಅದನ್ನೇ ಕಲಿಸಿದೆ. ನಮ್ಮ ವೃತ್ತಿಯಲ್ಲಿ ಸುಳ್ಳು ಬರೆಯಬಾರದೆಂಬುದು ಎಲ್ಲರಿಗೂ ಗೊತ್ತು, ಅದು ಕಷ್ಟವೂ ಅಲ್ಲ. ಕಷ್ಟವಿರುವುದು ಒಂದೊಂದು ಸಾಲೂ ನಿಜವಾಗಿರುವ, ಆದರೆ ಓದಿದವರನ್ನು ತಪ್ಪು ದಾರಿಗೆ ಹಚ್ಚುವ ವರದಿಯನ್ನು ಹರಿದು ಹಾಕುವುದರಲ್ಲಿ. ಅಂಥ ಒಂದು ವರದಿಗೆ ಸಹಿ ಹಾಕುವುದರಿಂದ ನಾನು ಪಾರಾದದ್ದು ನನ್ನ ಜಾಣತನದಿಂದಲ್ಲ. ಯಾರೂ ಹೇಳದ ಕೆಲಸವನ್ನು ಒಬ್ಬರು ಮಾಡಿ ತಂದರು, ಮೇಜಿನ ಅಂಚು ಹಿಡಿದು ನಿಂತರು, ನಾನು ನೋಡುವ ತನಕ ಹೋಗಲಿಲ್ಲ.